ಬೈದು ಗಟ್ಟಿ ಮಾಡಲಾಗದು: ಸಾಲಿ ಮಕ್ಕಳ ವಿಷಯದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಈ ಸೂಚನೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಕಲಿಸುವ ಗುರುಗಳಿಗೆ, ಗುರುಮಾತೆಯರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಮಕ್ಕಳನ್ನು ಸಾಲಿಗೆ ಕಳಿಸುವ ಮನೆಯವರಿಗೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲೂಕಾಗಿವೆ. ಗಡಿ ಬದಲಾದರೂ ಮಕ್ಕಳ ಪಾಡು ಬದಲಾಗಿಲ್ಲ, ಅಲ್ಲಿಯವರೂ ಓದಿ. ಓದಿ ಕಡತಕ್ಕೆ ಸೇರಿಸಬೇಡಿ.

ವಿಷಯ ಇಷ್ಟೇ. ಸೋತ ಮಗು ಮರುದಿನ ಮತ್ತೆ ಆಟಕ್ಕೆ ಬರಬೇಕು. ಸಿಟ್ಟು ಬಂದ ಮಗು ಕಲ್ಲೆತ್ತುವ ಮೊದಲು ಬಾಯಿಬಿಟ್ಟು ಹೇಳಬೇಕು. ಹೊಸದಾಗಿ ಬಂದ ಮಗುವಿಗೆ ಉಳಿದವರು ಸರಿದು ಜಾಗ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇಂಥವನ್ನೆಲ್ಲ ಸೇರಿಸಿ ಹತ್ತು ಜೀವನ ಕೌಶಲಗಳ ಪಟ್ಟಿ ಮಾಡಿತು. ತನ್ನನ್ನು ತಾನು ಅರಿಯುವುದು, ಬೇರೆಯವರ ನೋವು ತಿಳಿಯುವುದು, ಒತ್ತಡ ತಾಳಿಕೊಳ್ಳುವುದು ಎಲ್ಲ ಅದರಲ್ಲಿವೆ. ನಮ್ಮ ತರಬೇತಿಗಳಲ್ಲಿ ಆ ಹತ್ತನ್ನೂ ಚಾರ್ಟಿನ ಮೇಲೆ ಬಣ್ಣದ ಪೆನ್ನಿನಿಂದ ಬರೆಸುತ್ತಾರೆ. ಚಾರ್ಟು ಕಪಾಟಿನ ಹಿಂದೆ ಸೇರುತ್ತದೆ, ಅಲ್ಲಿ ಹಲ್ಲಿ ಮೊಟ್ಟೆ ಇಡುತ್ತದೆ. ಇದಕ್ಕೆ ಬೇರೆ ಪಿರಿಯಡ್ ಬೇಡ, ಬೇರೆ ಪುಸ್ತಕವೂ ಬೇಡ. ಹಾಜರಿ ಕರೆಯುವಾಗ, ಬಿಸಿಯೂಟ ಬಡಿಸುವಾಗ, ನಳದ ಮುಂದೆ ಜಗಳವಾದಾಗ ದೊಡ್ಡವರು ಹೇಗೆ ನಡೆದುಕೊಳ್ಳುತ್ತಾರೆಂದು ನೋಡಿ ಮಕ್ಕಳು ಕಲಿಯುತ್ತಾರೆ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಸಂಗಡಿಗರೊಡನೆ ದಶಕಗಟ್ಟಲೆ ಬೆನ್ನುಬಿಡದೆ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೇ ಬಂದ ಮಕ್ಕಳಲ್ಲೂ ಸುಮಾರು ಮೂರನೆಯ ಒಂದು ಪಾಲು ಚೆನ್ನಾಗಿ ಬಾಳಿದರು, ನಾಲ್ಕು ಜನಕ್ಕೆ ಆಸರೆಯಾದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ದೊಡ್ಡವರು: ಅಜ್ಜಿ, ನೆರೆಯವರು, ಎಷ್ಟೋ ಸಲ ಸಾಲಿಯ ಗುರುಗಳು. ಕೆಳಗೆ ಬರೆದದ್ದೆಲ್ಲ ಆ ಒಬ್ಬರು ನೀವಾಗಲಿ ಎಂದೇ ಬರೆದದ್ದು.

ಕೋಲು ಮತ್ತು ನಾಲಿಗೆ

ಹೊಡೆಯಕೂಡದು. ಇದರಲ್ಲಿ ಚರ್ಚೆಯಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮೀರಿದವರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮವಾಗುತ್ತದೆ.

ಬಿಸಿಲಿಗೆ ನಿಲ್ಲಿಸಬಾರದು. ಬಸ್ಕಿ ಹೊಡೆಸಬಾರದು. ಹುಡುಗನನ್ನು ನಾಚಿಸಲೆಂದು ಹುಡುಗಿಯರ ನಡುವೆ ಕೂರಿಸಬಾರದು. ಹುಡುಗಿಯರ ಪಕ್ಕ ಕೂರುವುದೇ ಒಂದು ಶಿಕ್ಷೆಯೆಂದು ಆ ದಿನ ಇಡೀ ತರಗತಿ ಕಲಿಯುತ್ತದೆ. ಉತ್ತರ ಹೇಳಿದ ಮಗುವಿನ ಕೈಯಿಂದ ಹೇಳದ ಮಗುವಿನ ಮೂಗು ಹಿಡಿಸಿ ಕೆನ್ನೆಗೆ ಹೊಡೆಸುವ ಹಳೆಯ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದ್ದರೆ ಇವತ್ತೇ ನಿಲ್ಲಿಸಿ. ಇದಕ್ಕಿಂತ ಕೆಟ್ಟ ಸಮಾಜ ಪಾಠ ಇನ್ನೊಂದಿಲ್ಲ: ಒಂದೇ ಏಟಿಗೆ ಇಬ್ಬರೂ ಕೆಡುತ್ತಾರೆ, ನೋಡುತ್ತ ನಕ್ಕ ಮೂವತ್ತು ಮಕ್ಕಳೂ ಕೆಡುತ್ತಾರೆ.

“ದಡ್ಡ”, “ಕೋಣ”, “ನಿಮ್ಮಪ್ಪನಂಗ ಕುರಿ ಕಾಯಾಕ ಹೋಗು” ಅನ್ನಬಾರದು. ಕುರಿ ಕಾಯುವ ಅಪ್ಪನನ್ನು ಮಗು ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತದೆ.

“ನಾವೂ ಪೆಟ್ಟು ತಿಂದೇ ಮನುಷ್ಯರಾದೆವು” ಎಂಬ ಮಾತು ಎಸ್‌ಡಿಎಂಸಿ ಸಭೆಯಲ್ಲಿ ಬಂದೇ ಬರುತ್ತದೆ. ಪೆಟ್ಟು ತಿಂದು ಸಾಲಿ ಬಿಟ್ಟವರು ಆ ಸಭೆಗೆ ಬಂದಿರುವುದಿಲ್ಲ, ಅವರನ್ನು ಕೇಳಿದವರೂ ಇಲ್ಲ. ಇನ್ನು, ಬಾಗೇವಾಡಿ ಬಸವಣ್ಣನವರ ಏಳು ‘ಬೇಡ’ಗಳ ವಚನವನ್ನು ನಮ್ಮ ಮಕ್ಕಳು ಪ್ರಾರ್ಥನೆಯ ಹೊತ್ತಿನಲ್ಲಿ ತಪ್ಪಿಲ್ಲದೆ ಹೇಳುತ್ತಾರೆ. ಆ ಏಳರಲ್ಲಿ ಸಿಟ್ಟಿನ ಬಗ್ಗೆಯೂ ಒಂದಿದೆ, ಇನ್ನೊಬ್ಬರನ್ನು ಹಳಿಯುವ ಬಗ್ಗೆಯೂ ಒಂದಿದೆ. ಪ್ರಾರ್ಥನೆ ಮುಗಿದು ಐದು ನಿಮಿಷದಲ್ಲಿ ಅವೆರಡನ್ನೂ ಮುರಿಯುವುದು ಯಾರೆಂದು ಮಕ್ಕಳು ನೋಡುತ್ತಲೇ ಇರುತ್ತಾರೆ.

ಮಾಡಬೇಕಾದ್ದು: ತಪ್ಪು ಮಾಡಿದ ಮಗುವನ್ನು ಪಕ್ಕಕ್ಕೆ ಕರೆದು ಸಣ್ಣ ದನಿಯಲ್ಲಿ ಮಾತಾಡಿ. ಕೆಡಿಸಿದ್ದನ್ನು ಸರಿಪಡಿಸುವ ಕೆಲಸ ಕೊಡಿ. ನೀರು ಚೆಲ್ಲಿದವರು ಒರೆಸಲಿ, ಪುಸ್ತಕ ಹರಿದವರು ಅಂಟಿಸಲಿ. ಅಲ್ಲಿಗೆ ಆ ವಿಷಯ ಮುಗಿಯಿತು. ಮರುದಿನ ಮತ್ತೆ ತೆಗೆಯಬೇಡಿ.

ಬೆಳಗಿನ ಹೊತ್ತು

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಪದ್ಧತಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಆ ಕೋಣೆಯಲ್ಲಿ ನಮಗೆ ಬೇಕಾದ್ದು ಅರ್ಧ ಸಿದ್ಧವಾಗಿಯೇ ಇದೆ. ಗೋಡೆಯ ಮೇಲೆ ಹವಾಮಾನ ನಕ್ಷೆ ಇರುತ್ತದೆ. ಇವತ್ತು ಬಿಸಿಲೋ ಮೋಡವೋ ಎಂದು ಮಕ್ಕಳೇ ಗುರುತಿಸುತ್ತಾರೆ. ಅದರ ಪಕ್ಕದಲ್ಲೇ ಮನಸ್ಸಿನ ನಕ್ಷೆ ಒಂದನ್ನು ಹಾಕಿ. ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ, ಅಂಜಿದ ಮುಖ, ನಾಲ್ಕು ಸಾಕು. ಒಳಗೆ ಬರುವಾಗ ಮಗು ತನ್ನ ಹೆಸರಿನ ಚೀಟಿಯನ್ನು ಒಂದು ಮುಖದ ಕೆಳಗೆ ಸಿಕ್ಕಿಸಲಿ.

ಅಳುವ ಮುಖದ ಕೆಳಗೆ ಹೆಸರಿಟ್ಟ ಮಗುವನ್ನು ಎಲ್ಲರೆದುರು “ಯಾಕಳತಿ?” ಎಂದು ಕೇಳಬೇಡಿ. ಕೆಲಸ ಹಚ್ಚಿ ಕೊಟ್ಟ ಮೇಲೆ ಅದರ ಪಕ್ಕ ಹೋಗಿ ಕುಳಿತು, “ರಾತ್ರಿ ನಿದ್ದಿ ಆತೇನವಾ?” ಎಂದು ಶುರು ಮಾಡಿ. ಹೇಳದಿದ್ದರೆ ಒತ್ತಾಯಿಸಬೇಡಿ. ಮರುದಿನವೂ ಅದೇ ಮುಖ, ಅದರ ಮರುದಿನವೂ ಅದೇ ಆದರೆ ಮನೆಗೆ ಹೋಗಿ ಬನ್ನಿ.

ನಲಿಕಲಿಯಲ್ಲಿ ಶಿಕ್ಷಕರ ಸಹಾಯದ ತಟ್ಟೆ ಇರುವಂತೆ ಸಹಪಾಠಿಗಳ ಸಹಾಯದ ತಟ್ಟೆಯೂ ಇದೆ. ಅದನ್ನು ಕಾಟಾಚಾರಕ್ಕೆ ನಡೆಸಬೇಡಿ. ಒಂದು ಮಗು ಇನ್ನೊಂದಕ್ಕೆ ಕಾರ್ಡು ಓದಿಸುವಾಗ “ಹಂಗಲ್ಲೋ” ಎಂದು ಕಾರ್ಡು ಕಸಿಯುತ್ತದೋ, “ಇನ್ನೊಮ್ಮಿ ನೋಡು” ಅನ್ನುತ್ತದೋ, ಕೇಳಿಸಿಕೊಳ್ಳಿ. ಎರಡನೆಯದು ಕೇಳಿದರೆ ಆ ಮಾತನ್ನೇ ಎತ್ತಿ ಹೊಗಳಿ.

ಜಗಳ

ಮಕ್ಕಳು ಜಗಳಾಡಬೇಕು. ಜಗಳವೇ ಇಲ್ಲದ ತರಗತಿಯಲ್ಲಿ ಮಕ್ಕಳು ಅಂಜಿ ಕುಳಿತಿರುತ್ತಾರೆ. ಕಲಿಸಬೇಕಾದ್ದು ಜಗಳ ಮುಗಿಸುವುದನ್ನು.

ಇಬ್ಬರು ಹುಡುಗರು ಚೆಂಡಿಗಾಗಿ ಹೊಯ್ದಾಡಿ ನಿಮ್ಮ ಮುಂದೆ ಬಂದು ನಿಂತಿದ್ದಾರೆ. ಒಬ್ಬನ ಅಂಗಿಯ ಗುಂಡಿ ಕಿತ್ತಿದೆ, ಇನ್ನೊಬ್ಬನ ಮೊಣಕಾಲು ತರಚಿದೆ. ಮೊದಲು ಮೊಣಕಾಲು ತೊಳೆಸಿ. ಆಮೇಲೆ ಇಬ್ಬರನ್ನೂ ಕೂರಿಸಿ. ನಿಂತವರಿಗೆ ಸಿಟ್ಟು ಇಳಿಯುವುದು ತಡ. ನೀವೂ ಅವರ ಎತ್ತರಕ್ಕೆ ಕುಳಿತುಕೊಳ್ಳಿ. ಒಬ್ಬ ಹೇಳಿ ಮುಗಿಸುವ ತನಕ ಇನ್ನೊಬ್ಬ ಬಾಯಿ ಹಾಕಬಾರದು. ಎರಡನೆಯವನು ತನ್ನ ಕಥೆ ಶುರು ಮಾಡುವ ಮೊದಲು ಮೊದಲನೆಯವನ ಮಾತನ್ನು ತಿರುಗಿ ಹೇಳಬೇಕು.

“ಇವ ನನ್ನ ಚೆಂಡ ಕಸಗೊಂಡ್ರಿ ಸರ. ಕೊಡು ಅಂದ್ರ ನೂಕಿದ್ರಿ.”

“ಈಗ ನೀ ಹೇಳೋ ತಮ್ಮಾ. ಅವ ಏನಂದ? ಮೊದಲ ಅದನ್ನ ಹೇಳು.”

“ನಾ ಚೆಂಡ ಕಸಗೊಂಡೆ, ನೂಕಿದೆ ಅಂದಾನ್ರಿ. ಖರೆ ಆ ಚೆಂಡ ಅವಂದಲ್ರಿ, ಸಾಲೀದು.”

“ಸಾಲೀದು ಅನ್ನೂದು ಖರೆ. ನೂಕಿದ್ದೂ ಖರೆ. ಈಗ ಇಬ್ರೂ ಹೆಂಗ ಆಡ್ತೀರಿ, ನೀವ ಹೇಳ್ರಿ.”

ಇಷ್ಟು ಹೇಳಿ ಸುಮ್ಮನಿರಿ. ನಮ್ಮ ಜಾತಿಗೆ, ಅಂದರೆ ಮಾಸ್ತರರ ಜಾತಿಗೆ, ಬಲು ಕಷ್ಟದ ಕೆಲಸ ಇದು. ತೀರ್ಪು ನಾಲಿಗೆಯ ತುದಿಯಲ್ಲಿ ಕುಳಿತಿರುತ್ತದೆ. ನುಂಗಿಕೊಳ್ಳಿ. “ಹತ್ತ ಸಲ ಅವ, ಹತ್ತ ಸಲ ನಾ” ಎಂದು ಯಾವನಾದರೂ ಒಬ್ಬ ಹೇಳುತ್ತಾನೆ. ಅದಕ್ಕಿಂತ ಜಾಣ ದಾರಿ ನಿಮಗೆ ಗೊತ್ತಿದ್ದರೂ ಅವರದ್ದೇ ನಡೆಯಲಿ. ನಾಳೆ ಅದು ಕೆಟ್ಟರೆ ಮತ್ತೆ ಬರುತ್ತಾರೆ, ಆಗ ಇನ್ನೊಂದು ದಾರಿ ಹುಡುಕುತ್ತಾರೆ.

“ಸಾರಿ ಅನ್ನು” ಎಂದು ಕುತ್ತಿಗೆ ಬಗ್ಗಿಸಬೇಡಿ. ಬಲವಂತದ ಸಾರಿ ಹೇಳಿ ಹೊರಗೆ ಹೋದವನು ಗೇಟಿನ ಬಳಿ ಕಾಯುತ್ತಿರುತ್ತಾನೆ. ಇಬ್ಬರೂ ಸೇರಿ ಮಾಡುವ ಒಂದು ಕೆಲಸ ಕೊಡಿ. ಗಿಡಗಳಿಗೆ ನೀರು ಹಾಕಲಿ, ಇಲ್ಲವೆ ಕಪ್ಪುಹಲಗೆ ಒರೆಸಲಿ. ನಮ್ಮ ಕಡೆ ವರ್ಷವೆಲ್ಲ ಮಾತು ಬಿಟ್ಟ ದಾಯಾದಿಗಳೂ ದಸರೆಯ ದಿನ ಬನ್ನಿ ಕೊಡುವ ನೆಪದಲ್ಲಿ ಮಾತಿಗೆ ಬರುತ್ತಾರೆ. ಆ ನೆಪವನ್ನು ಸಾಲಿಗೂ ತನ್ನಿ. ದಸರೆ ರಜೆ ಮುಗಿದ ಮೊದಲ ದಿನ ಎಲ್ಲ ಮಕ್ಕಳೂ, ಟೂ ಬಿಟ್ಟವರು ಮೊದಲಾಗಿ, ಬನ್ನಿ ಎಲೆ ಕೊಟ್ಟುಕೊಳ್ಳಲಿ. ಗುರುಗಳಲ್ಲೂ ಇಬ್ಬರು ಮಾತು ಬಿಟ್ಟಿದ್ದರೆ ಅವರೂ ಕೊಟ್ಟುಕೊಳ್ಳಲಿ. ಮಕ್ಕಳಿಗೆ ಅದೂ ಗೊತ್ತಿರುತ್ತದೆ.

ಒಂದು ಎಚ್ಚರಿಕೆ. ಸಮಾನರ ನಡುವೆ ಆಗುವುದು ಜಗಳ. ಐದನೆಯ ತರಗತಿಯ ನಾಲ್ವರು ಸೇರಿ ಎರಡನೆಯ ತರಗತಿಯ ಒಬ್ಬನನ್ನು ದಿನಾ ಕಾಡಿದರೆ ಅದು ಜಗಳವಲ್ಲ. ಅಲ್ಲಿ ರಾಜಿ ಮಾಡಿಸಕೂಡದು. ಕಾಡುವುದನ್ನು ಅಲ್ಲೇ ನಿಲ್ಲಿಸಿ, ಸಣ್ಣವನ ಬೆನ್ನಿಗೆ ನಿಲ್ಲಿ, ನಾಲ್ವರ ಮನೆಯವರನ್ನೂ ಕರೆಸಿ.

ಹೆಸರು, ಸಾಲು, ತಟ್ಟೆ

ಕರಿಯಾ, ಕುಂಟ್ಯಾ, ತೊದಲ್ಯಾ. ಊರೆಲ್ಲ ಹಾಗೇ ಕರೆದರೂ ಸಾಲಿಯ ಗೇಟಿನೊಳಗೆ ಹಾಜರಿ ಪುಸ್ತಕದ ಹೆಸರೇ ನಡೆಯಬೇಕು. ಜಾತಿಯಿಂದ, ತಾಂಡಾದಿಂದ, ಓಣಿಯಿಂದ ಗುರುತಿಸಿ “ಏ ತಾಂಡಾದಾಂವಾ” ಎಂದು ಕರೆಯಕೂಡದು.

ಈ ತಾಲೂಕುಗಳ ಒಂದು ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವ, ಲಂಬಾಣಿ ಆಡುವ, ಉರ್ದು ಆಡುವ ಮಕ್ಕಳು ಒಟ್ಟಿಗಿರುತ್ತಾರೆ. ಇಂಡಿಯ ಗಡಿ ಊರುಗಳಲ್ಲಿ ಮರಾಠಿಯೂ ಸೇರುತ್ತದೆ. ಒಂದನೆಯ ತರಗತಿಗೆ ಬಂದ ತಾಂಡಾದ ಮಗು ಮೊದಲ ತಿಂಗಳುಗಳಲ್ಲಿ ತನ್ನ ಮಾತಿನಲ್ಲಿ ಉತ್ತರಿಸಿದರೆ ಗದರಬೇಡಿ. ಒಂದರಿಂದ ಹತ್ತನ್ನು ಲಂಬಾಣಿಯಲ್ಲಿ ಉಳಿದವರಿಗೆ ಕಲಿಸಲು ಅದನ್ನೇ ನಿಲ್ಲಿಸಿ. ನೀವೂ ಅದರ ಹಿಂದೆ ಎಣಿಸಿ, ತಪ್ಪು ಉಚ್ಚರಿಸಿ, ಮಗುವಿನಿಂದ ತಿದ್ದಿಸಿಕೊಳ್ಳಿ.

ಅಕ್ಷರ ದಾಸೋಹದ ಬಿಸಿಯೂಟ 2002ರಿಂದ ನಡೆದುಬಂದಿದೆ. ಪಂಕ್ತಿ ಒಂದೇ ಇರಬೇಕು. ದಿನಕ್ಕೊಂದು ಗುಂಪು ಬಡಿಸಲಿ. ಎಲ್ಲ ಮಕ್ಕಳ ಕೈಯೂ ಸೌಟು ಹಿಡಿಯಲಿ, ಒಂದು ಹೆಸರೂ ಬಿಟ್ಟುಹೋಗಬಾರದು. ಯಾವುದೋ ಮನೆಯ ಮಗು ಬಡಿಸಿದ್ದನ್ನು ಇನ್ನೊಂದು ಮಗು ದೂರ ಸರಿಸಿದರೆ ಅಂದೇ ಆ ಮನೆಗೆ ಹೋಗಿ ಮಾತಾಡಿ. ಕಸ ಗುಡಿಸುವುದು, ನೀರು ತರುವುದು ಹುಡುಗಿಯರ ಪಾಲಿಗೆ, ಶೌಚಾಲಯ ತೊಳೆಯುವುದು ಇಂಥ ಮಕ್ಕಳ ಪಾಲಿಗೆ ಎಂದು ಹಂಚುವವರು ಜೀವನ ಕೌಶಲದ ಮಾತು ಆಡುವುದೇ ಬೇಡ.

ನಾಲ್ಕು, ಐದನೆಯ ತರಗತಿಗೆ ಹೇಳಲು ಒಂದು ಕಥೆ ನಮ್ಮ ಮಗ್ಗುಲಲ್ಲೇ ಇದೆ. ಹಿಂದೆ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿ ಎಂಬ ಸಣ್ಣ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಗೆಳೆಯರಾದರು. ಹೆಣ್ಣುಮಕ್ಕಳು ಬೀಸುತ್ತ ಕುಟ್ಟುತ್ತ ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಮನೆತನ ಬೇರೆ, ಧರ್ಮ ಬೇರೆ, ಕೆಲಸ ಒಂದು. ಕಥೆ ಹೇಳಿ ಬಿಡಬೇಡಿ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಒಂದೊಂದು ಗುಂಪು ಊರಿನ ಒಬ್ಬ ಅಜ್ಜಿಯಿಂದ ಒಂದು ಹಾಡು ಕೇಳಿ ಬರೆದು ತರಲಿ. ಗುಂಪನ್ನು ನೀವೇ ಮಾಡಿ, ಓಣಿ ಬೆರೆಯುವಂತೆ.

ಗುಳೆ ಹೋಗುವ ಮಕ್ಕಳು

ದೀಪಾವಳಿ ಮುಗಿಯುತ್ತಲೇ ತಾಂಡಾಗಳ, ಒಣಬೇಸಾಯದ ಊರುಗಳ ಮನೆಗಳಿಗೆ ಬೀಗ ಬೀಳುತ್ತವೆ. ಕೆಲವರು ಕಬ್ಬು ಕಡಿಯಲು, ಕೆಲವರು ಗೋವಾ, ಪುಣೆ, ಮುಂಬಯಿ, ರತ್ನಾಗಿರಿಗೆ ಗೌಂಡಿ ಕೆಲಸಕ್ಕೆ, ರಸ್ತೆ ಕೆಲಸಕ್ಕೆ. ಯುಗಾದಿಗೆ ತಿರುಗಿ ಬರುತ್ತಾರೆ. ಮಕ್ಕಳಲ್ಲಿ ಕೆಲವರು ಜೊತೆಗೆ ಹೋಗುತ್ತಾರೆ, ಕೆಲವರು ಅಜ್ಜ–ಅಜ್ಜಿಯ ಬಳಿ ಉಳಿಯುತ್ತಾರೆ. ಧೈರ್ಯದ ಪಾಠ ಮಾಡಲು ಕಲ್ಪಿತ ಕಥೆಗಳನ್ನು ಹುಡುಕುವ ನಮ್ಮ ಮುಂದೆಯೇ ಈ ಮಕ್ಕಳು ಕುಳಿತಿರುತ್ತಾರೆ.

ತಿರುಗಿ ಬಂದ ದಿನ “ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿ?” ಎಂದು ಕೇಳಕೂಡದು. ಹೋಗಲು ತೀರ್ಮಾನ ಮಾಡಿದ್ದು ಮಗುವಲ್ಲ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರಿಸಿ, ಉಳಿದವರ ಪಾಠ ಮುಂದುವರಿಸಲೂ ಕೂಡದು.

ಮಾಡಬೇಕಾದ್ದು ಹೋಗುವ ಮೊದಲೇ ಶುರುವಾಗುತ್ತದೆ. ಮನೆಯವರನ್ನು ಕಂಡು ಎಲ್ಲಿಗೆ, ಎಷ್ಟು ತಿಂಗಳು ಎಂದು ಕೇಳಿ, ಮೊಬೈಲ್ ನಂಬರ್ ಬರೆದುಕೊಳ್ಳಿ. ಸಮಗ್ರ ಶಿಕ್ಷಣದಡಿ ಋತುಮಾನದ ವಸತಿ ವ್ಯವಸ್ಥೆ ಈ ವರ್ಷ ಎಲ್ಲಿದೆಯೆಂದು ಬಿಆರ್‌ಸಿಯಲ್ಲಿ ವಿಚಾರಿಸಿ. ಮಗುವನ್ನು ಅಲ್ಲಿ ಬಿಟ್ಟು ಹೋಗಲು ಮನೆಯವರು ಒಪ್ಪಿದರೂ ಒಪ್ಪಿಯಾರು. ಹೊರಟ ಮಗುವಿಗೆ ಒಂದು ನೋಟುಬುಕ್ಕು ಕೊಟ್ಟು ಕಂಡದ್ದನ್ನು ಬರೆಯಲು, ಬರೆಯಲು ಬಾರದಿದ್ದರೆ ಚಿತ್ರ ತೆಗೆಯಲು ಹೇಳಿ. ಬೇರೆ ಊರಿನ ಸಾಲಿಗೆ ಸೇರಿಸುವವರು ವರ್ಗಾವಣೆ ಪತ್ರ ಕೇಳಿದರೆ ಅಂದೇ ಕೊಡಬೇಕು. ಪತ್ರ ತಡವಾಯಿತೆಂದು ಯಾವ ಸಾಲಿಯೂ ಪ್ರವೇಶ ನಿರಾಕರಿಸುವಂತಿಲ್ಲ. ಇದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಲ್ಲಿದೆ. ನಡುವೆ ಒಂದು ಸಲ ನೀವೇ ಫೋನ್ ಮಾಡಿ, ಮಗುವಿನ ಕೈಗೆ ಕೊಡಿಸಿ, ತರಗತಿಯ ಮಕ್ಕಳೂ ನಾಲ್ಕು ಮಾತಾಡಲಿ. ಎರಡು ನಿಮಿಷದ ಕರೆ. ತನ್ನ ಜಾಗ ಖಾಲಿ ಇದೆಯೆಂದು ಮಗುವಿಗೆ ತಿಳಿಯುತ್ತದೆ, ಯುಗಾದಿಯ ನಂತರ ಸಾಲಿಗೆ ಬರಲು ಕಾರಣ ಸಿಗುತ್ತದೆ.

ಬಂದ ಮೇಲೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿ. ಎಲ್ಲಿ ಏನಿದೆ, ಯಾವ ಪಾಠ ಆಗಿದೆ, ಯಾವ ಹೊಸ ಆಟ ಬಂದಿದೆ, ಎಲ್ಲ ಅವನು ಹೇಳಲಿ. ಬಂದ ಮಗುವಿಗೂ ಹೇಳುವುದಿರುತ್ತದೆ. ಗೋವಾಕ್ಕೆ ಹೋದದ್ದು ಸಮುದ್ರ ನೋಡಿ ಬಂದಿದೆ; ನಿಮ್ಮ ತರಗತಿಯಲ್ಲಿ ಸಮುದ್ರ ನೋಡಿದ ಮಗು ಅದೊಂದೇ ಇದ್ದೀತು. ನೀರು ಉಪ್ಪಿತ್ತೇ, ಅಲೆ ಎಷ್ಟೆತ್ತರ, ಯಾರ ಸಂಗಡ ಆಡಿದೆ ಎಂದು ಮಕ್ಕಳು ಕೇಳಲಿ. ಕಬ್ಬಿನ ಗದ್ದೆಯಲ್ಲಿ ಕೂಸು ಕಾಯುತ್ತ ಕುಳಿತಿದ್ದ ಹುಡುಗಿಗೆ ಹೇಳಲು ಮನಸ್ಸಿಲ್ಲದಿದ್ದರೆ ಅವಳನ್ನು ಒತ್ತಾಯಿಸಬೇಡಿ.

ಅಜ್ಜಿಯ ಬಳಿ ಉಳಿದ ಮಗುವನ್ನು ನೋಡಿ “ಪಾಪ, ಅವ್ವ ಬಿಟ್ಟು ಹೋಗ್ಯಾಳ” ಎಂದು ಅದರ ಎದುರಿಗೆ ಆಡಕೂಡದು.

ನವೋದಯದ ಪಟ್ಟಿ

ನಮ್ಮ ಜಿಲ್ಲೆಯ ಬಸ್ ನಿಲ್ದಾಣಗಳ ಸುತ್ತ ಕೋಚಿಂಗ್ ಬೋರ್ಡುಗಳನ್ನು ನೋಡಿ: ನವೋದಯ, ಸೈನಿಕ, ಕಿತ್ತೂರ, ಮೊರಾರ್ಜಿ. ನಾಲ್ಕು ಹೆಸರು ಒಂದೇ ಉಸಿರಿಗೆ. ಆಲಮಟ್ಟಿಯಲ್ಲಿ ಜವಾಹರ ನವೋದಯ ವಿದ್ಯಾಲಯ ಇದೆ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಆಸೆ ಪಡುವುದರಲ್ಲಿ ತಪ್ಪಿಲ್ಲ. ಬಡವರ ಮಗುವಿಗೆ ಬಿಟ್ಟಿ ಊಟ, ವಸತಿ, ಒಳ್ಳೆಯ ಪ್ರಯೋಗಶಾಲೆ ಸಿಗುವ ಬಾಗಿಲು ನವೋದಯ. ಆದರೆ ಒಂದು ನವೋದಯದಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಸೀಟು. ಪರೀಕ್ಷೆ ಬರೆದವರಲ್ಲಿ ಬಹುಪಾಲು ಮಕ್ಕಳ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಹತ್ತು ವರ್ಷದ ಮಗುವಿಗೆ ಬದುಕಿನ ಮೊದಲ ದೊಡ್ಡ ಸೋಲನ್ನು ನಾವೇ ಫೀ ಕಟ್ಟಿ, ದಿನಾಂಕ ಗೊತ್ತುಮಾಡಿ ತಂದುಕೊಡುತ್ತಿದ್ದೇವೆ. ಹಾಗಿದ್ದ ಮೇಲೆ ಆ ಸೋಲಿಗೆ ತಯಾರಿ ಮಾಡಿಸುವ ಹೊಣೆಯೂ ನಮ್ಮದು.

ಪರೀಕ್ಷೆಗೆ ಮೊದಲೇ, ಬಾಯಿಬಿಟ್ಟು, ಎರಡೆರಡು ಸಲ ಹೇಳಿ: “ಪಟ್ಟಿಯೊಳಗ ಹೆಸರ ಬರಲಿಲ್ಲಂದ್ರ ಇದೇ ಸಾಲಿ, ಇವರೇ ಗೆಳೆಯಾರು, ನಾವೂ ಇಲ್ಲೇ.” “ನಿನಗಾಗಿ ಸಾಲ ಮಾಡೀನಿ” ಎಂದು ಮಗುವಿನ ಮುಂದೆ ಹೇಳಕೂಡದು. ಐದನೆಯ ತರಗತಿಗೇ ಸಾಲಿ ಬಿಡಿಸಿ ದೂರದ ವಸತಿ ಕೋಚಿಂಗಿಗೆ ಹಾಕುವ ಮುನ್ನ ಅಲ್ಲಿ ಸಂಜೆ ಆಟಕ್ಕೆ ಬಿಡುತ್ತಾರೋ ಇಲ್ಲವೋ ನೋಡಿಕೊಂಡು ಬನ್ನಿ. ರಾತ್ರಿ ಅಳುವ ಮಗುವಿನ ಬಳಿ ಯಾರು ಹೋಗುತ್ತಾರೆಂದೂ ಕೇಳಿ.

“ನೀ ಭಾಳ ಶಾಣ್ಯಾ ಅದಿ” ಎಂದು ಹೊಗಳುವುದನ್ನು ಕಡಿಮೆ ಮಾಡಿ. ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಐದನೆಯ ತರಗತಿಯ ಮಕ್ಕಳ ಮೇಲೆಯೇ ನಡೆದದ್ದು. ಬುದ್ಧಿವಂತ ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಲೆಕ್ಕಗಳನ್ನೇ ಆರಿಸಿಕೊಳ್ಳಲು ನೋಡಿದರು, ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಪಟ್ಟ ಶ್ರಮಕ್ಕೆ ಹೊಗಳಿಸಿಕೊಂಡವರು ಕಷ್ಟದ್ದಕ್ಕೂ ಕೈ ಹಾಕಿದರು. ಆದ್ದರಿಂದ ಮಾಡಿದ್ದನ್ನು ಹೆಸರಿಟ್ಟು ಹೇಳಿ: “ಭಾಗಾಕಾರ ಮೂರ ಸಲ ತಪ್ಪಿದ್ರೂ ನಾಕನೇ ಸಲ ಬಿಡಲಿಲ್ಲ ನೋಡು.”

ಫಲಿತಾಂಶದ ದಿನ ಆಯ್ಕೆಯಾದ ಒಬ್ಬನ ಫೋಟೋ ಬ್ಯಾನರ್ ಮಾಡಿ ಗೇಟಿಗೆ ಕಟ್ಟಕೂಡದು. ಪರೀಕ್ಷೆ ಬರೆದ ಉಳಿದ ಮಕ್ಕಳು ಅದರ ಕೆಳಗೆ ಹಾದು ಒಳಗೆ ಬರಬೇಕು. ಆಯ್ಕೆಯಾದವನಿಗೆ ಪೇಢೆ ಕೊಡಿ, ಬೆನ್ನು ತಟ್ಟಿ. ಆಗದವರನ್ನು ಅವತ್ತು ಸಮಾಧಾನದ ಭಾಷಣದಿಂದ ಕೊಲ್ಲಬೇಡಿ. ಅಳಲು ಬಿಡಿ, ಆಟಕ್ಕೆ ಕಳಿಸಿ. ನಾಲ್ಕು ದಿನ ಬಿಟ್ಟು ಆರನೆಯ ತರಗತಿಯ ಪುಸ್ತಕ ಕೈಗಿಡಿ.

ಆಟ

ಆಟದ ಪಿರಿಯಡ್ಡನ್ನು ಗಣಿತಕ್ಕೆ ಕಸಿಯಕೂಡದು. ಖೊಖೊ, ಲಗೋರಿ, ಕಬಡ್ಡಿ, ಕುಂಟಬಿಲ್ಲೆ ಯಾವುದಾದರೂ ಆಗಲಿ. ಸೋಲನ್ನು ದಿನಕ್ಕೆ ಎರಡು ಸಲ, ಅಪಾಯವಿಲ್ಲದೆ, ನಕ್ಕೊಂತ ರೂಢಿ ಮಾಡಿಸುವ ವ್ಯವಸ್ಥೆ ಬೇರೊಂದಿಲ್ಲ.

ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನೇ ಆರಿಸಲು ಬಿಡಬೇಡಿ. ಕೊನೆಗೆ ಉಳಿಯುವುದು ದಿನಾ ಅದೇ ಮಗು. ಒಂದು–ಎರಡು ಎಣಿಸಿ ಗುಂಪು ಮಾಡಿ. ಹುಡುಗಿಯರನ್ನು ಗೋಡೆಗೆ ಕೂರಿಸಿ ಚಪ್ಪಾಳೆಗೆ ಇಟ್ಟುಕೊಳ್ಳಬೇಡಿ. ಔಟೋ ಅಲ್ಲವೋ ಎಂಬ ತಕರಾರಿಗೆ ಓಡಿಹೋಗಿ ಶಿಳ್ಳೆ ಊದಬೇಡಿ, ಸ್ವಲ್ಪ ಹೊತ್ತು ಅವರೇ ಹರಟಲಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಬಂದಾಗ ಮಕ್ಕಳೇ ಹೊಸ ಆಟವೊಂದನ್ನು ಕಟ್ಟಿ, ನಿಯಮ ಬರೆದು, ಬೇರೆ ತರಗತಿಗೆ ಕಲಿಸಲಿ.

ಹೊಳೆ ಬಂದಾಗ, ಊರು ಮುಳುಗಿದಾಗ

2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಸಾಲಿಯ ಕೋಣೆಗಳೇ ಕಾಳಜಿ ಕೇಂದ್ರಗಳಾಗುತ್ತವೆ. ನೀರು ಇಳಿದು ಸಾಲಿ ಮತ್ತೆ ಶುರುವಾದಾಗ ಮೊದಲ ದಿನವೇ ಪರೀಕ್ಷೆಯ ಮಾತು ಎತ್ತಬೇಡಿ. ಗಂಟೆ, ಪ್ರಾರ್ಥನೆ, ಹಾಜರಿ, ಊಟ ಮೊದಲಿನ ಕ್ರಮದಲ್ಲೇ ನಡೆಯಲಿ. ಎಲ್ಲ ಅಲುಗಾಡಿದಾಗ ಮಕ್ಕಳು ಹಿಡಿದುಕೊಳ್ಳುವುದು ಅದನ್ನೇ. ಮಣ್ಣಿನಲ್ಲಿ ಹೊಳೆ ಮಾಡಿ ಮನೆ ಮುಳುಗಿಸುವ ಆಟವನ್ನೇ ಮತ್ತೆ ಮತ್ತೆ ಆಡಿದರೆ ಅಪಶಕುನವೆಂದು ತಡೆಯಬೇಡಿ. “ಗಂಡಸಾಗಿ ಅಳತಿಯೇನ?” ಅನ್ನುವುದು ಬೇಡ.

ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಬಹುದು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಮೇಲೆ ಹಿನ್ನೀರಿಗೆ ಊರುಗಳೇ ಹೋದವು, ಹಳೆಯ ಕೊಲ್ಹಾರವೂ ಹೋಯಿತು. ಪುನರ್ವಸತಿ ಊರುಗಳ ಅಜ್ಜ–ಅಜ್ಜಿಯರನ್ನು ಮಕ್ಕಳು ಕೇಳಲಿ: ಮನೆ ಯಾವ ದಿಕ್ಕಿಗಿತ್ತು? ಬರುವಾಗ ಏನು ಹೊತ್ತು ತಂದಿರಿ? ಏನು ಬಿಟ್ಟಿರಿ? ಹೊಸ ಊರಿನಲ್ಲಿ ಮೊದಲು ಯಾರು ಮಾತಾಡಿಸಿದರು? ಅಮೆರಿಕದ ಎಮೋರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫಿವುಷ್ ಇಂಥವೇ 20 ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿ ನೋಡಿದ್ದರು. ಮನೆತನದ ಏಳುಬೀಳು ಹೆಚ್ಚು ತಿಳಿದ ಮಕ್ಕಳಲ್ಲಿ ತಮ್ಮ ಮೇಲಿನ ಭರವಸೆಯೂ ಹೆಚ್ಚು ಕಂಡಿತು. ಅಜ್ಜ ಪರಿಹಾರದ ಹಣದ ಜಗಳವನ್ನೂ ಹೇಳಿದರೆ ಹೇಳಲಿ, ತಿದ್ದಬೇಡಿ.

ಮನೆಯವರಿಗೆ

ಪಕ್ಕದ ಮನೆಯ ಮಗುವಿನ ಅಂಕ ಹೇಳಿ ನಿಮ್ಮ ಮಗುವಿಗೆ ಊಟ ಬಡಿಸಬೇಡಿ. ಅಳುವುದನ್ನು ನಿಲ್ಲಿಸಲು ಮೊಬೈಲ್ ಕೊಡಬೇಡಿ. ಅಂಗಡಿಗೆ ಕಳಿಸಿ, ಚಿಲ್ಲರೆ ಎಣಿಸಿ ತರಲಿ. ಎರಡು ರೂಪಾಯಿ ಕಳೆದುಕೊಂಡು ಬಂದರೆ ಬೈಯದೆ ನಾಳೆ ಮತ್ತೆ ಕಳಿಸಿ. ಗಂಡುಮಗುವಿಗೂ ತಟ್ಟೆ ತೊಳೆಯಲು ಹಚ್ಚಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಗೆಳೆಯನ ಮನೆಯ ಒಂದು ಮಗುವನ್ನೂ ಕರೆದುಕೊಂಡು ಹೋಗಿ, ಅದು ಯಾರ ಮನೆಯದ್ದೇ ಇರಲಿ. ಸಾಲಿಯಲ್ಲಿ ಗುರುಗಳು ಬೈದರೆಂದು ಮಗು ಹೇಳಿದಾಗ “ನೀನ ಏನರ ಮಾಡಿರತಿ” ಎಂಬ ಉತ್ತರ ಬೇಡ. ಪೂರ್ತಿ ಕೇಳಿ, ಆಮೇಲೆ ಸಾಲಿಗೆ ಬಂದು ಮಾತಾಡಿ.

ಕೈ ಮೀರಿದರೆ

ಎಲ್ಲವೂ ಪ್ರೀತಿಯಿಂದ ಸರಿಹೋಗುವುದಿಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಮಗು ವಾರಗಟ್ಟಲೆ ಮಾತು ಬಿಟ್ಟರೆ, ದೊಡ್ಡ ಮಗು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯತೊಡಗಿದರೆ, ಒಬ್ಬ ವ್ಯಕ್ತಿಯನ್ನು ಕಂಡರೆ ಅಂಜಿ ಅಡಗಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ ದೆವ್ವ ಬಡಿದಿದೆ ಎಂಬ ಮಾತಿಗೆ ಕಿವಿಗೊಟ್ಟು ದಿನ ಕಳೆಯಬೇಡಿ. ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಅಪಾಯವಿದೆ ಎನಿಸಿದರೆ 1098. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಊರಿನ ಮರ್ಯಾದೆ, ಹಿರಿಯರ ಪಂಚಾಯ್ತಿ, ಮಗುವಿನ ಮದುವೆಯ ಚಿಂತೆ ಯಾವುದನ್ನೂ ನಡುವೆ ತರಕೂಡದು. ಮಗುವಿನಿಂದ ಹತ್ತು ಜನರ ಮುಂದೆ ಹತ್ತು ಸಲ ಹೇಳಿಸಬಾರದು. ಅದು ಮೊದಲು ಯಾರ ಬಳಿ ಹೇಳಿತೋ ಅವರೇ ಜೊತೆಗೆ ಹೋಗಬೇಕು, ಮರುದಿನವೂ ಅದರ ಕಣ್ಣಿಗೆ ಕಾಣುವಂತೆ ಸಾಲಿಯಲ್ಲಿರಬೇಕು.